ಕೇಳಬಹುದು, ಮಾತಾಡುವಂತಿಲ್ಲ

ಲಿಫ್ಟ್ ರಿಪೇರಿಯ ಆ ಆಫೀಸಿನಲ್ಲಿ ಹಿರಿಸೊಸೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಮದುವೆಯಾಗಿ ಬಂದು ಆಫೀಸಿನ ಮೆಟ್ಟಿಲು ಹತ್ತಿದ ದಿನದಿಂದಲೂ ಮೇಡಂ. ಅದರಲ್ಲಿ ಅವಳಿಗೇನೂ ಕೊರತೆ ಕಂಡಿರಲಿಲ್ಲ. ಮರ್ಯಾದೆಯ ಮಾತು, ಸಾಕಲ್ಲ. ಆದರೆ ಮೈದುನನ ಹೆಂಡತಿ ಆಫೀಸಿಗೆ ಬರಲು ಶುರುಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ, ಮೆಕ್ಯಾನಿಕ್‌ಗಳೆಲ್ಲ ಅವಳನ್ನು ಅಕ್ಕ ಅನ್ನತೊಡಗಿದರು. ಎಲ್ಲರಿಗಿಂತ ಹಳಬನಾದ ಉದ್ದಣ್ಣ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆಳು, ಮಗಳ ವಯಸ್ಸಿನ ಆ ಹುಡುಗಿಯ ಮುಂದೆ ನಿಂತು "ಅಕ್ಕಾ, ಮೊದಲು ಒಂದ್ಲೋಟ ನೀರು ಕೊಡಿ, ಆಮೇಲೆ ಬೈಯೋದಿದ್ರೆ ಬೈಯಿರಿ" ಎಂದು ಹಲ್ಲು ಕಿರಿದಾಗ, ಕಂಪ್ಯೂಟರಿನ ಹಿಂದೆ ಕೂತಿದ್ದ ಮೇಡಂಗೆ ಹೊಟ್ಟೆಯೊಳಗೆ ಚುರುಕ್ ಅಂದಿತು. ಅವಳ ಹತ್ತಿರ ಯಾರೂ ನೀರು ಕೇಳಿದವರಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದಳು. 'ಅಲ್ಲೇ ಇದೆ ನೋಡಿ, ತಗೊಳ್ಳಿ' ಅನ್ನುತ್ತಿದ್ದಳು. ಅದೂ ಕೊಟ್ಟ ಹಾಗೇ ತಾನೆ?

ಕಂಪನಿ ಮಾವನದು. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧದಷ್ಟರ ಲಿಫ್ಟುಗಳು ಅವರ ಸುಪರ್ದಿಯಲ್ಲಿದ್ದವು. ಮುಂಚೆಲ್ಲ ಲಿಫ್ಟು ಕೆಟ್ಟರೆ ಕಟ್ಟಡದವರು ಫೋನ್ ಮಾಡಬೇಕು, ಆಫೀಸಿನವರು ಮೆಕ್ಯಾನಿಕ್‌ನನ್ನು ಹುಡುಕಬೇಕು, ಅಷ್ಟರಲ್ಲಿ ಒಳಗೆ ಸಿಕ್ಕಿಕೊಂಡವರು ದೇವರನ್ನೂ ಕಂಪನಿಯನ್ನೂ ಸರಿಸಮವಾಗಿ ನೆನೆದು ಮುಗಿಸಿರುತ್ತಿದ್ದರು. ಹಿರಿಸೊಸೆ ಬಂದ ಮೇಲೆ ಅದು ಬದಲಾಯಿತು. ಪ್ರತಿ ಲಿಫ್ಟಿಗೂ ಒಂದು ಪುಟ್ಟ ಡಬ್ಬಿ ಕೂರಿಸಿದಳು, ಡಬ್ಬಿಗಳನ್ನೆಲ್ಲ ಒಂದು ಮೆಸೇಜ್ ಸರ್ವೀಸಿಗೆ ಜೋಡಿಸಿದಳು. ಒಂದೊಂದು ಲಿಫ್ಟಿಗೂ ಅದರದೇ ಚಾನೆಲ್. ಲಿಫ್ಟು ನಿಂತಿತೋ, ಡಬ್ಬಿ ತನ್ನ ಚಾನೆಲ್ಲಿನಲ್ಲಿ 'ನಿಂತೆ' ಅಂತ ಕೂಗಿಕೊಳ್ಳುತ್ತದೆ. ಆ ಚಾನೆಲ್ಲಿಗೆ ಕಿವಿಗೊಟ್ಟ ಫೋನುಗಳೆಲ್ಲ ಅದೇ ಕ್ಷಣ ಗುಂಯ್ ಅನ್ನುತ್ತವೆ. ಇದಲ್ಲದೆ ಎಲ್ಲರೂ ಮಾತಾಡಿಕೊಳ್ಳಲು ಒಂದು ದೊಡ್ಡ ಚಾನೆಲ್ಲಿತ್ತು. ಅದಕ್ಕೆ ಅವಳು ಇಟ್ಟಿದ್ದ ಹೆಸರು ಏನೋ ಇತ್ತು, ಮೆಕ್ಯಾನಿಕ್‌ಗಳು ಅದನ್ನು ಹರಟೆಕಟ್ಟೆ ಅನ್ನುತ್ತಿದ್ದರು.

ಯಾರು ಏನು ಕೇಳಬೇಕು, ಯಾರು ಎಲ್ಲಿ ಬಾಯಿ ಬಿಡಬೇಕು ಅನ್ನುವುದು ಅವಳ ಕೈಯಲ್ಲಿತ್ತು. ಫೋನಿನಲ್ಲಿ ಲಾಗಿನ್ ಆದ ಕೂಡಲೆ ಅದು ಆಫೀಸಿನ ಯಂತ್ರದ ಬಳಿ ಪಾಸು ಕೇಳುತ್ತದೆ. ಇವನು ಯಾರು, ಯಾವ ಯಾವ ಚಾನೆಲ್ ಕೇಳಬಹುದು, ಎಲ್ಲೆಲ್ಲಿ ಮಾತಾಡಬಹುದು, ಎಷ್ಟು ಕಾಲ, ಇಷ್ಟನ್ನೂ ಪಾಸಿನ ಮೇಲೆ ಬರೆದು ಯಂತ್ರ ಮೊಹರು ಒತ್ತುತ್ತದೆ. ಮೆಸೇಜ್ ಸರ್ವೀಸಿನ ಬಾಗಿಲು ಕಾಯುವವನಿಗೆ ಯಾರ ಮುಖಪರಿಚಯವೂ ಬೇಕಿಲ್ಲ. ಮೊಹರು ಸರಿಯಿದ್ದರೆ ಒಳಗೆ. ಇಲ್ಲದಿದ್ದರೆ ನೀವು ಕಂಪನಿಯ ಯಜಮಾನರೇ ಆಗಿರಿ, ಹೊರಗೆ. ಫೋನುಗಳಿಗೂ ಅದೇ ಮೊಹರು, ಲಿಫ್ಟಿನ ಡಬ್ಬಿಗಳಿಗೂ ಅದೇ. ಈ ಮೊಹರಿನ ಗುಟ್ಟು ಹಿರಿಸೊಸೆಗೆ ಮಾತ್ರ ಗೊತ್ತಿತ್ತು. ಮನೆಯಲ್ಲಿ ಬೀಗದ ಕೈಗೊಂಚಲು ಅತ್ತೆಯ ಸೊಂಟದಲ್ಲಿದ್ದರೇನಂತೆ, ಆಫೀಸಿನದು ತನ್ನ ತಲೆಯಲ್ಲಿದೆ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ಹೀಗಿರುವಾಗ ಮಾವ ಒಂದು ದಿನ ಊಟದ ಹೊತ್ತಿನಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕಣ್ಣು ಇನ್ನು ಸಾಲದು. ಆಪರೇಷನ್ ಮಾಡಿಸ್ಕೊಂಡು ಮನೇಲಿರ್ತೀನಿ. ಮಕ್ಕಳಿಬ್ಬರೂ ಸಾಮಾನು ತರೋಕೆ, ಗಿರಾಕಿ ಹಿಡಿಯೋಕೆ ಲಾಯಕ್ಕು, ಕುರ್ಚೀಲಿ ಕೂರೋಕಲ್ಲ. ನನ್ನ ಕುರ್ಚಿ ನಿಮ್ಮಿಬ್ಬರಲ್ಲಿ ಒಬ್ಬರಿಗೆ. ಯಾರಿಗೆ ಅಂತ ಕೆಲಸ ನೋಡಿ ಹೇಳ್ತೀನಿ," ಎಂದರು.

ಹಿರಿಸೊಸೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ನೋಡಿ ಹೇಳುವುದು ಏನಿದೆ? ಈ ಆಫೀಸನ್ನು ಕೂಗಿದರೆ ಓಗೊಡುವ ಹಾಗೆ ಮಾಡಿದವಳು ಯಾರು? ವಾರಗಿತ್ತಿಯ ಕಡೆ ಓರೆಗಣ್ಣು ಹಾಯಿಸಿದಳು. ಕಿರಿಸೊಸೆ ಮಾವನ ತಟ್ಟೆಗೆ ಮತ್ತಷ್ಟು ಅನ್ನ ಬಡಿಸುತ್ತ, "ಮಾವ, ನಿಮ್ಮ ಕುರ್ಚಿ ಕಿರ್ ಅನ್ನುತ್ತೆ, ಮೊದಲು ಅದನ್ನ ರಿಪೇರಿ ಮಾಡಿಸಿ," ಎಂದಳು. ಮಾವ ನೀರು ನೆತ್ತಿಗೇರುವಷ್ಟು ನಕ್ಕರು. ಇಷ್ಟು ವರ್ಷದಲ್ಲಿ ತನ್ನ ಯಾವ ಮಾತಿಗೂ ಮಾವನಿಗೆ ನೀರು ನೆತ್ತಿಗೇರಿದ್ದಿಲ್ಲ.

ಮರುದಿನ ಮಾವನ ಅಪ್ಪಣೆಯಾಯಿತು: ಕಿರಿಯವಳಿಗೂ ಪಾಸು ಕೊಡು, ಎಲ್ಲ ಚಾನೆಲ್ಲಿಗೂ. ಹಿರಿಸೊಸೆ "ಆಗ್ಲಿ ಮಾವ" ಅಂದು ಕೂತಳು. ಎಲ್ಲ ಲಿಫ್ಟುಗಳ ಮುಂದೆಯೂ 'ಕೇಳಬಹುದು' ಅಂತ ಗುರುತು ಹಾಕಿದಳು. ಹರಟೆಕಟ್ಟೆಯ ಮುಂದೆಯೂ 'ಕೇಳಬಹುದು'. ಅದರ ಪಕ್ಕದಲ್ಲೇ ಇನ್ನೊಂದು ಚೌಕ, 'ಮಾತಾಡಬಹುದು' ಅಂತ. ಅಲ್ಲಿ ಬೆರಳು ನಿಂತಿತು. ಮಾವ ಹೇಳಿದ್ದು ಎಲ್ಲ ಚಾನೆಲ್ಲಿಗೂ ಅಂತ ತಾನೆ, ಮಾತಾಡೋಕೆ ಅಂತ ಹೇಳಲಿಲ್ಲವಲ್ಲ. ಅವಳು ಚೌಕವನ್ನು ಖಾಲಿ ಬಿಟ್ಟು ಮೊಹರು ಒತ್ತಿಸಿ, ಕೈಕೊಡವಿ ಎದ್ದಳು. ಎದೆ ತಣ್ಣಗಾಯಿತು.

ಆ ಆಪ್ ಮಾಡಿದವರ ಒಂದು ಸೋಮಾರಿತನ ಏನೆಂದರೆ, ಬರೆದ ಮಾತು ಬರೆದವರ ಫೋನಿನಲ್ಲಿ ಅಲ್ಲೇ ಕಾಣಿಸಿಬಿಡುತ್ತಿತ್ತು, ಬಾಗಿಲಲ್ಲಿ ಅದನ್ನು ತಡೆದರೂ ಕೂಡ. ಕಿರಿಸೊಸೆ ಹರಟೆಕಟ್ಟೆಯಲ್ಲಿ "ಎಲ್ಲರಿಗೂ ಶುಭೋದಯ, ಇವತ್ತು ಯಾರ ಬೆನ್ನುನೋವು ಹೇಗಿದೆ?" ಎಂದು ಬರೆದು ಕಾದು ಕೂತಳು. ಅವಳ ಪಾಲಿಗೆ ಮಾತು ಹೋಗಿತ್ತು. ಮೆಕ್ಯಾನಿಕ್‌ಗಳ ಪಾಲಿಗೆ ಅವಳು ತುಟಿಪಿಟಕ್ಕೆಂದಿರಲಿಲ್ಲ. ಆ ಮಾತು ಇಡೀ ಊರಿನಲ್ಲಿ ಕಾಣುತ್ತಿದ್ದುದು ಇನ್ನೊಂದೇ ಜಾಗದಲ್ಲಿ, ಹಿರಿಸೊಸೆಯ ಪರದೆಯ ಮೇಲೆ, ಕೆಂಪಕ್ಷರದಲ್ಲಿ, 'ಅನುಮತಿ ಇಲ್ಲ' ಎಂಬ ಷರಾದ ಜೊತೆಗೆ. ಹಿರಿಸೊಸೆ ಅದನ್ನು ಓದಿದಳು. ಇನ್ನೊಂದು ಸಲ ಓದಿದಳು. ಇನ್ನು ಇವಳ ಬೆಣ್ಣೆ ಮಾತು ಯಾರಿಗೂ ಅಂಟುವುದಿಲ್ಲ ಅಂದುಕೊಂಡು ಕಾಫಿ ಕುಡಿದಳು. ಕಾಫಿ ಅಂದು ಬಹಳ ರುಚಿಯಾಗಿತ್ತು.

ಕಿರಿಸೊಸೆ ನಾಲ್ಕು ದಿನ ಬರೆದಳು. ಐದನೆಯ ದಿನ ಫೋನು ಹಿಡಿದುಕೊಂಡು ಹಿರಿಸೊಸೆಯ ಮೇಜಿನ ಬಳಿ ಬಂದು ನಿಂತಳು. ಮುಖ ಬಾಡಿತ್ತು.

"ಅಕ್ಕ, ನನ್ನ ಮೆಸೇಜಿಗೆ ಯಾರೂ ಉತ್ತರಾನೇ ಕೊಡ್ತಿಲ್ಲ. ನಾನೇನಾದ್ರೂ ತಪ್ಪು ಮಾತಾಡಿದ್ನಾ? ಇಲ್ಲಾ ಅವರಿಗೆ ಹೋಗ್ತಾನೇ ಇಲ್ವಾ?"

"ನೆಟ್‌ವರ್ಕ್ ಇರಬೇಕು," ಎಂದಳು ಹಿರಿಸೊಸೆ, ಪರದೆಯಿಂದ ಕಣ್ಣು ತೆಗೆಯದೆ.

"ಇಷ್ಟು ದಿನಾನೂ?"

"ಕೆಲವು ಫೋನುಗಳೇ ಹಾಗೆ ಕಣೇ."

ಆ ಹುಡುಗಿ ತಲೆಯಾಡಿಸಿ ಹೋದಳು. ಹಿರಿಸೊಸೆಗೆ ಒಂದು ಗಳಿಗೆ ಮುಜುಗರವಾಯಿತು ಅನ್ನುವುದು ನಿಜ. ಆದರೆ ಮುಜುಗರ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ.

ಯಾಕೆಂದರೆ ಊಟವಾಗುತ್ತಿದ್ದ ಹಾಗೆಯೇ ಕಿರಿಸೊಸೆ ಮೆಕ್ಯಾನಿಕ್‌ಗಳಿಗೆ ಫೋನ್ ಮಾಡಲು ಶುರುಮಾಡಿದಳು. ಬರೆದರೆ ಹೋಗದಿದ್ದರೆ ಬಾಯಿದೆಯಲ್ಲ! ಕೇಳುವ ಪಾಸಂತೂ ಅವಳಿಗೆ ಧಾರಾಳವಾಗಿ ಸಿಕ್ಕಿತ್ತು. ಯಾವ ಲಿಫ್ಟು ಎಲ್ಲಿ ನಿಂತರೂ ಅವಳ ಫೋನು ಗುಂಯ್ ಅನ್ನುತ್ತಿತ್ತು, ಅವಳು ಆ ಕಡೆಯ ಮೆಕ್ಯಾನಿಕ್‌ಗೆ ಕರೆ ಹಚ್ಚುತ್ತಿದ್ದಳು. "ಅಣ್ಣಾ, ಆಸ್ಪತ್ರೆ ಹಿಂದಿನ ಕಟ್ಟಡ, ಮೂರನೇ ಮಹಡಿ ಹತ್ರ ನಿಂತಿದೆ. ಹೋಗ್ತಾ ಊಟದ ಡಬ್ಬಿ ತಗೊಂಡ್ಹೋಗಿ, ನಿನ್ನೆ ಹಾಗೆ ಹಸಿದು ಕೂರಬೇಡಿ." ಒಬ್ಬೊಬ್ಬರ ಮಗಳ ಪರೀಕ್ಷೆ, ಹೆಂಡತಿಯ ಹಲ್ಲುನೋವು, ಮನೆ ಮಾಲೀಕನ ಕಾಟ, ಎಲ್ಲವೂ ಅವಳ ಕಿವಿಗೆ ಬಿದ್ದವು. ಹರಟೆಕಟ್ಟೆಯಲ್ಲಿ ಬರೆದಿದ್ದರೆ ನೂರರಲ್ಲಿ ಒಂದಾಗಿ ಹೋಗುತ್ತಿದ್ದ ಹುಡುಗಿ ಈಗ ಪ್ರತಿಯೊಬ್ಬನ ಕಿವಿಯಲ್ಲಿ ಪ್ರತ್ಯೇಕವಾಗಿ ಕೂತಳು. ಬಾಯಿಗೆ ಹಾಕಿದ ಬೀಗವೇ ಅವಳನ್ನು ತಲೆಯ ಮೇಲೆ ಕೂರಿಸಿತ್ತು. ಅದನ್ನು ಹಾಕಿದವಳು ಎದುರಿನ ಮೇಜಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದಳು.

"ಅವಳ ಹತ್ರ ಮಾತಾಡ್ತಿದ್ರೆ ಲಿಫ್ಟು ತಾನಾಗೇ ಸರಿಹೋಗುತ್ತೇನೋ ಅನ್ಸುತ್ತೆ," ಎಂದು ಉದ್ದಣ್ಣ ಮಾವನ ಮುಂದೆ ಹೊಗಳಿದ. ಹಿರಿಸೊಸೆಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಗಂಡನ ಮುಂದೆ ಹೊಟ್ಟೆಯೊಳಗಿನದನ್ನು ತೋಡಿಕೊಂಡಳು. "ನೋಡ್ತಾ ಇರಿ, ಕುರ್ಚಿ ಅವಳಿಗೇ."

ಗಂಡ ಮಗುವಿನಂಥ ಮನುಷ್ಯ. "ಹೋಗ್ಲಿ ಬಿಡು, ಆ ಕುರ್ಚಿ ಕಿರ್ ಅನ್ನುತ್ತೆ," ಎಂದ. ಆ ರಾತ್ರಿ ಅವನಿಗೆ ಮಾತೂ ಸಿಗಲಿಲ್ಲ, ಹೊದಿಕೆಯೂ ಸರಿಯಾಗಿ ಸಿಗಲಿಲ್ಲ.

ಮಾವ ದಿನ ಗೊತ್ತುಮಾಡಿದರು. "ಸೋಮವಾರ ಬೆಳಗ್ಗಿಂದ ಆಫೀಸಿನಲ್ಲೇ ಕೂತಿರ್ತೀನಿ. ನಿಮ್ಮಿಬ್ಬರ ಕೆಲಸ ನೋಡ್ತೀನಿ. ಸಂಜೆ ಹೇಳಿಬಿಡ್ತೀನಿ."

ಸೋಮವಾರ ಮಾವ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಬಂದು ಕಾಲು ಗಂಟೆಯಾಗಿರಲಿಲ್ಲ, ಎಲ್ಲೋ ಒಂದು ಲಿಫ್ಟು ನಿಂತಿತು. ಹಿರಿಸೊಸೆ ಕನ್ನಡಕ ಸರಿಮಾಡಿಕೊಂಡು ಯಾವ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆ ಅಂತ ಪರದೆಯಲ್ಲಿ ನೋಡುವಷ್ಟರಲ್ಲಿ, ಕಿರಿಸೊಸೆ ಫೋನಿನಲ್ಲಿ ಮಾತಾಡಿ ಮುಗಿಸಿದ್ದಳು. ಎರಡನೆಯ ಲಿಫ್ಟು ನಿಂತಿತು, ಮತ್ತೆ ಅವಳೇ. ಮಾವ ಮೀಸೆಯಡಿಯಲ್ಲಿ ನಗುತ್ತ ತಲೆದೂಗಿದರು. ಆ ತಲೆದೂಗಿದ್ದನ್ನು ಕಂಡದ್ದೇ ಹಿರಿಸೊಸೆಗೆ ಬುದ್ಧಿಯೆಲ್ಲ ಮಂಜಾಯಿತು. ಮಾತಾಡುವುದನ್ನು ಕಿತ್ತುಕೊಂಡು ಏನು ಬಂತು, ಕೇಳುವುದನ್ನು ಕಿತ್ತುಕೊಳ್ಳಬೇಕಿತ್ತು. ಈ ಒಂದು ದಿನ ಅವಳ ಫೋನು ಮೂಕವಾದರೆ ಸಾಕು, ಸಂಜೆಯವರೆಗೆ ಸಾಕು.

ಆದರೆ ಒಮ್ಮೆ ಕೊಟ್ಟ ಪಾಸನ್ನು ವಾಪಸು ಪಡೆಯುವ ದಾರಿಯನ್ನು ಅವಳು ಕಟ್ಟಿರಲೇ ಇಲ್ಲ. ಅವಧಿ ಮುಗಿಯುವವರೆಗೆ ಅದು ಓಡುತ್ತದೆ, ಕಿರಿಸೊಸೆಯದಕ್ಕೆ ಇನ್ನೂ ವರ್ಷ ಬಾಕಿ. ಉಳಿದದ್ದು ಒಂದೇ ದಾರಿ, ಮೊಹರನ್ನೇ ಬದಲಿಸುವುದು. ಹಳೆಯ ಮೊಹರಿನ ಪಾಸು ಬಾಗಿಲಲ್ಲಿ ರದ್ದಿಯಾಗುತ್ತದೆ. ಅವಳು ಹೊಸ ಮೊಹರು ಮಾಡಿದಳು, ಹಳೆಯದನ್ನು ಅಳಿಸಿದಳು, 'ಖಚಿತವೇ?' ಎಂದು ಯಂತ್ರ ಕೇಳಿದ್ದಕ್ಕೆ ಹೌದು ಅಂದಳು. ಆ ಮೊಹರಿನಡಿ ಎಲ್ಲ ಮೆಕ್ಯಾನಿಕ್‌ಗಳ ಪಾಸೂ ಇವೆ, ಎಲ್ಲ ಲಿಫ್ಟುಗಳ ಪಾಸೂ ಇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಕೈಯಾರೆ ಕಟ್ಟಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಕಾಣುತ್ತಿದ್ದುದು ಒಂದೇ ಒಂದು ಪಾಸು.

ಮೊದಲು ಕಿರಿಸೊಸೆಯ ಫೋನು ಸುಮ್ಮನಾಯಿತು. ಹಿರಿಸೊಸೆ ಒಳಗೇ ನಕ್ಕಳು. ಆಮೇಲೆ ಅವಳ ಪರದೆಯಲ್ಲಿ ಮೆಕ್ಯಾನಿಕ್‌ಗಳ ಹಸಿರು ಚುಕ್ಕಿಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಆಮೇಲೆ ಲಿಫ್ಟುಗಳು, ಒಂದು ಓಣಿ, ಇನ್ನೊಂದು ಓಣಿ, ಇಡೀ ಊರು. ನಗು ಮುಖದಲ್ಲೇ ಹೆಪ್ಪುಗಟ್ಟಿತು. ಹಳೆಯ ಮೊಹರನ್ನು ವಾಪಸು ತರೋಣವೆಂದರೆ ಅದನ್ನು ತಾನೇ ಅಳಿಸಿದ್ದಾಗಿತ್ತು. ಇನ್ನು ಪ್ರತಿಯೊಬ್ಬರೂ ಹೊಸದಾಗಿ ಲಾಗಿನ್ ಆಗಬೇಕು, ಒಂದೊಂದು ಲಿಫ್ಟಿನ ಬಳಿಗೂ ಮೆಕ್ಯಾನಿಕ್ ಹೋಗಿ ಡಬ್ಬಿಗೆ ಹೊಸ ಪಾಸು ತುಂಬಬೇಕು. ಅಲ್ಲಿಯವರೆಗೆ ಯಾವ ಲಿಫ್ಟು ನಿಂತರೂ ಕೇಳುವವರಿಲ್ಲ.

ಹಳೆಯ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಎತ್ತಿದವಳು ಕಿರಿಸೊಸೆ. ಒಂದು ಕಟ್ಟಡದ ಕಾವಲುಗಾರ ಕೂಗಾಡುತ್ತಿದ್ದ. ಲಿಫ್ಟಿನೊಳಗೆ ತುಂಬು ಬಸುರಿಯೊಬ್ಬಳು ಸಿಕ್ಕಿಕೊಂಡಿದ್ದಾಳೆ, ಯಾರೂ ಬಂದಿಲ್ಲ, ಏನು ಸತ್ತಿದ್ದೀರಾ ಎಲ್ಲರೂ?

ಕಿರಿಸೊಸೆ ತಿರುಗಿ ಹಿರಿಸೊಸೆಯ ಮುಖ ನೋಡಿದಳು. ಅಲ್ಲಿ ರಕ್ತವಿರಲಿಲ್ಲ. "ಅಕ್ಕ, ಏನಾಯ್ತು?"

"ಎಲ್ಲಾ ಹೋಯ್ತು. ಎಲ್ಲರದ್ದೂ ಹೋಯ್ತು," ಎಂದಳು ಹಿರಿಸೊಸೆ.

ಮತ್ತೇನೂ ಕೇಳದೆ ಕಿರಿಸೊಸೆ ಫೋನ್ ಹಿಡಿದಳು. ಉದ್ದಣ್ಣನನ್ನು ಬಸುರಿಯ ಕಟ್ಟಡಕ್ಕೆ ಓಡಿಸಿದಳು. ಆಮೇಲೆ ಒಬ್ಬೊಬ್ಬರಿಗೂ ಕರೆ ಮಾಡಿ, ಆಪ್ ಮುಚ್ಚಿ ಮತ್ತೆ ಲಾಗಿನ್ ಆಗಿ, ನಿಮ್ಮ ಕಡೆಯ ಲಿಫ್ಟುಗಳಿಗೆ ಹೋಗಿ ಡಬ್ಬಿ ಸರಿಮಾಡಿ, ಯಾರಾದ್ರೂ ಒಳಗಿದ್ದಾರಾ ನೋಡಿ ಎಂದು ಹೇಳುತ್ತಲೇ ಹೋದಳು. ಹಿರಿಸೊಸೆ ಇತ್ತ ಹೊಸ ಪಾಸುಗಳನ್ನು ಒತ್ತಿ ಒತ್ತಿ ಕಳಿಸಿದಳು. ಉದ್ದಣ್ಣನ ಫೋನು ಬಂತು. ಬಾಗಿಲು ತೆರೆಯಿತು, ತಾಯಿ ಕ್ಷೇಮ, ಬೆವರು ಬಿಟ್ಟು ಬೇರೇನೂ ಆಗಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಚುಕ್ಕಿಗಳೂ ಹಸಿರಾದವು. ಕಿರಿಸೊಸೆಯ ಗಂಟಲು ಕಟ್ಟಿಹೋಗಿತ್ತು.

ಮೆಕ್ಯಾನಿಕ್‌ಗಳೆಲ್ಲ ದಣಿದು ಆಫೀಸಿಗೆ ಬಂದರು. ಮಾವ ಎದ್ದು ನಿಂತರು. "ಇದು ಹೇಗಾಯ್ತು? ಯಾರು ಮಾಡಿದ್ದು?"

ಹಿರಿಸೊಸೆ ಪರದೆಯ ಹಿಂದೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಕಿರಿಸೊಸೆ ಮುಂದೆ ಬಂದಳು. "ನಾನು ಮಾವ. ಅಕ್ಕ ಒಳಗೆ ಹೋದಾಗ ಅವರ ಕಂಪ್ಯೂಟರಲ್ಲಿ ಏನೋ ಒತ್ತಿಬಿಟ್ಟೆ. ತಪ್ಪಾಯ್ತು."

ಹಿರಿಸೊಸೆಗೆ ಹೋದ ಜೀವ ಬಂದಂತಾಯಿತು. ಉಳಿದೆ ಅಂದುಕೊಂಡಳು. ಕುರ್ಚಿಯೂ ಉಳಿಯಿತು. ಆದರೆ ಮಾವನ ಮುಖ ನೋಡಿದರೆ ಅಲ್ಲಿ ಸಿಟ್ಟೇ ಇಲ್ಲ, ಬೆಣ್ಣೆಯ ಹಾಗೆ ಕರಗಿದೆ! "ಒಪ್ಕೊಂಡೆಯಲ್ಲಮ್ಮ, ಅದು ದೊಡ್ಡತನ," ಎಂದರು. ಉದ್ದಣ್ಣ ಕಣ್ಣೊರೆಸಿಕೊಂಡ. "ತಪ್ಪನ್ನ ಹೀಗೆ ನೇರವಾಗಿ ಹೇಳೋರು ಎಲ್ಲಿ ಸಿಗ್ತಾರೆ ಯಜಮಾನ್ರೇ?" ಒಬ್ಬ ಕುರ್ಚಿ ತಂದುಕೊಟ್ಟ, ಇನ್ನೊಬ್ಬ ಗಂಟಲಿಗೆ ಅಂತ ಬಿಸಿನೀರು ತಂದ.

ಹಿರಿಸೊಸೆ ನೋಡಿದಳು. ಮತ್ತೆ ಉರಿ ಎದ್ದಿತು, ಇಷ್ಟು ದಿನದ್ದೆಲ್ಲ ಇದರ ಮುಂದೆ ಕಿಡಿಯೂ ಅಲ್ಲ ಅನ್ನುವ ಹಾಗೆ. ತಪ್ಪು ಮಾಡಿದವಳು ತಾನು. ಅಳಿಸಿದವಳು ತಾನು. ಅದನ್ನು ಒಪ್ಪಿಕೊಂಡ ಹೆಸರೂ ಇವಳಿಗೇ ಹೋಗಬೇಕೇ? ಅಕ್ಕ ಅನ್ನಿಸಿಕೊಳ್ಳುವುದು ಇವಳೇ, ನಗಿಸುವುದು ಇವಳೇ, ಜೀವ ಉಳಿಸುವುದು ಇವಳೇ, ಕೊನೆಗೆ ತನ್ನ ಪಾಪಕ್ಕೂ ಶಹಬಾಸ್‌ಗಿರಿ ಇವಳಿಗೇ! ಕುರ್ಚಿ ಹೋದರೆ ಹೋಗಲಿ.

"ಸುಳ್ಳು!" ಎಂದು ಎದ್ದು ನಿಂತಳು. ಎಲ್ಲರೂ ತಿರುಗಿದರು. "ಅವಳು ನನ್ನ ಕಂಪ್ಯೂಟರ್ ಮುಟ್ಟೇ ಇಲ್ಲ. ಮೊಹರು ಬದಲಾಯಿಸಿದ್ದು ನಾನು. ಇವಳ ಫೋನು ಮುಚ್ಚಿಸೋಕೆ. ಅಷ್ಟೇ ಅಲ್ಲ, ಇವಳ ಪಾಸಲ್ಲಿ ಮಾತಾಡೋ ಅನುಮತಿ ಮೊದಲಿಂದ್ಲೂ ಕೊಟ್ಟಿರ್ಲಿಲ್ಲ. ನೆಟ್‌ವರ್ಕ್ ಅಂತ ಸುಳ್ಳು ಹೇಳಿದೆ. ಯಾಕೆ ಅಂತೀರಾ? ಹೊಟ್ಟೆಕಿಚ್ಚು. ಇವಳನ್ನ ನೋಡಿದ್ರೆ ನನಗೆ ಆಗಲ್ಲ."

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕುರ್ಚಿ ಕಿರಿಯವಳಿಗೆ," ಎಂದರು ಕೊನೆಗೆ. "ಇವತ್ತಿನ ದಿನ ನೋಡಿದ ಮೇಲೆ ಬೇರೆ ಮಾತಿಲ್ಲ. ಒಂದು ಜೀವದ ಜೊತೆ ಆಟ ಆಡಿದೀಯಮ್ಮ ನೀನು. ಅದನ್ನ ನಾನು ಮರೆಯಲ್ಲ." ಸುಧಾರಿಸಿಕೊಂಡು ಮತ್ತೆ ಹೇಳಿದರು: "ಆದ್ರೆ ನನ್ನ ಇಷ್ಟು ವಯಸ್ಸಿನಲ್ಲಿ, ಹೊಟ್ಟೆಕಿಚ್ಚು ಅಂತ ಬಾಯಿಬಿಟ್ಟು ಹೇಳಿದೋರನ್ನ ನಾನು ಕಂಡಿಲ್ಲ. ಅದಕ್ಕೆ ಗುಂಡಿಗೆ ಬೇಕು."

ಹಿರಿಸೊಸೆ ತಲೆ ತಗ್ಗಿಸಿ ಕೂತಳು. ಇನ್ನು ಯಾರೂ ತನ್ನ ಮುಖ ನೋಡುವುದಿಲ್ಲ ಅಂದುಕೊಂಡಳು. ಆದರೆ ಉದ್ದಣ್ಣ ಬಂದು ಅವಳ ಮೇಜಿಗೆ ಒರಗಿದ. "ಇಷ್ಟು ವರ್ಷ ನಿಮ್ಮನ್ನ ಕಲ್ಲು ಅಂದ್ಕೊಂಡಿದ್ದೆ ಮೇಡಂ. ನೀವೂ ನಮ್ಮ ಹಾಗೇ ಇದ್ದೀರಲ್ಲ! ನನ್ನ ಷಡ್ಡಕ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಕಾಲುನೋವು ಅಂತ ಹೋಗಿರ್ಲಿಲ್ಲ ನಾನು." ಇನ್ನೊಬ್ಬ ತನ್ನ ತಮ್ಮನ ಹೊಸ ಬೈಕಿನ ಕತೆ ತೆಗೆದ. ಮತ್ತೊಬ್ಬನಿಗೆ ನಾದಿನಿಯ ಸಂಬಳದ್ದು. ನೋಡನೋಡುತ್ತ ಅವಳ ಮೇಜಿನ ಸುತ್ತ ಜನ ಸೇರಿದರು, ಹೊಟ್ಟೆಯುರಿಯ ಕತೆಗಳು ಒಂದರ ಮೇಲೊಂದು ಬಿದ್ದವು, ನಗು ಎದ್ದಿತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾವನ ಕುರ್ಚಿಯಲ್ಲಿ ಕಿರಿಸೊಸೆ ಒಬ್ಬಳೇ ಕೂತಿದ್ದಳು. ಬಿಸಿನೀರು ಆರಿತ್ತು. ಸ್ವಲ್ಪ ಹೊತ್ತು ಈ ಗುಂಪನ್ನೇ ನೋಡುತ್ತಿದ್ದವಳು ಎದ್ದು ಬಂದು, ಜನರನ್ನು ಸರಿಸಿಕೊಂಡು ಹಿರಿಸೊಸೆಯ ಮುಂದೆ ನಿಂತಳು.

"ನನಗೆ ಪಾಸು ಬೇಕು."

"ಕೊಡ್ತೀನಿ," ಎಂದಳು ಹಿರಿಸೊಸೆ ಮೆಲ್ಲಗೆ. "ಎಲ್ಲ ಕಡೆ ಕೇಳೋದು, ಎಲ್ಲ ಕಡೆ ಮಾತಾಡೋದು. ಈಗಲೇ ಮಾಡ್ತೀನಿ."

"ಅಷ್ಟೇ ಸಾಲದು." ಕಟ್ಟಿದ ಗಂಟಲಿನಲ್ಲೂ ಆ ದನಿ ಚೂಪಾಗಿತ್ತು. "ಬೆಳಗ್ಗಿಂದ ಗಂಟಲು ಹರ್ಕೊಂಡೋಳು ನಾನು. ನಿಮ್ಮ ತಪ್ಪು ತಲೆ ಮೇಲೆ ಹೊತ್ಕೊಂಡೋಳು ನಾನು. ನೀವು ಎಲ್ಲರ ಮುಂದೆ ನನ್ನ ಸುಳ್ಳುಗಾತಿ ಮಾಡಿದ್ರಿ, ಈಗ ಎಲ್ಲರೂ ನಿಮ್ಮ ಸುತ್ತಾನೇ ನಿಂತಿದ್ದಾರೆ! ನಾನು ಹೇಗಿದ್ದೀನಿ ಅಂತ ಕೇಳೋರಿಲ್ಲ. ನಿಮಗೆ ಏನೇನಿದೆಯೋ ಅದೆಲ್ಲ ನನಗೂ ಬೇಕು. ಪಾಸು ಕೊಡೋದು, ಮೊಹರು ಮಾಡೋದು, ಎಲ್ಲ ಕಲಿಸಿ. ಒಂದೂ ಕಡಿಮೆ ಮಾಡಬಾರದು."

ಹಿರಿಸೊಸೆ ತಲೆಯೆತ್ತಿ ಅವಳನ್ನು ನೋಡಿದಳು. ಮೂಗಿನ ತುದಿ ಕೆಂಪಗಾಗಿತ್ತು, ಕೆಳತುಟಿ ಹಲ್ಲಿನಡಿಯಿತ್ತು, ಕಣ್ಣು ಮಾತ್ರ ಉದ್ದಣ್ಣನ ಕಡೆಗೂ ಬೈಕಿನವನ ಕಡೆಗೂ ಓರೆಯಾಗಿ ಓಡುತ್ತಿತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ದಿನದಿಂದ ದಿನಾ ಬೆಳಗ್ಗೆ ತಲೆ ಬಾಚುವಾಗ ಅದನ್ನೇ ನೋಡುತ್ತಿದ್ದಳು. ಯಾರಿಗೂ ಏನೂ ಮಾಡದ ಮುಗ್ಧೆ, ಎಲ್ಲರಿಗೂ ಬೇಕಾದವಳು, ಅವಳೊಳಗೂ ಇದೇ ಉರಿಯೇ? ಅದೂ ತನ್ನನ್ನು ನೋಡಿಯೇ?

ಆ ಹುಡುಗಿಯ ಮೇಲೆ ಅವಳಿಗೆ ಮೊಟ್ಟಮೊದಲ ಸಲ ಪ್ರೀತಿ ಉಕ್ಕಿ ಬಂತು. ಪಕ್ಕದ ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ಎಳೆದಳು.

"ಬಾ, ಕೂತ್ಕೋ ಕಣೇ," ಎಂದಳು. "ಎಲ್ಲಾ ಕಲಿಸ್ತೀನಿ."